ಒಮ್ಮೆ ತೊಟ್ಟು ಎಸೆಯುವ ಕವಚ

2020ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಆಸ್ಪತ್ರೆ, ವಿಮಾನ ನಿಲ್ದಾಣ, ಸ್ಮಶಾನ – ಎಲ್ಲೆಡೆ ತಲೆಯಿಂದ ಪಾದದವರೆಗೆ ಬಿಳಿ ಉಡುಪು ತೊಟ್ಟವರು ಕಾಣುತ್ತಿದ್ದರು. ಟೊಪ್ಪಿಗೆ, ಅಂಗಿ, ಷರಾಯಿ ಎಲ್ಲವೂ ಒಂದಾಗಿರುವ ಈ ಉಡುಪಿಗೆ ಕವರಾಲ್ ಎಂದು ಹೆಸರು. ಪಾಳಿ ಮುಗಿದ ಮೇಲೆ ಅದನ್ನು ಕಳಚಿ ಚೀಲಕ್ಕೆ ಹಾಕಿ ಬಿಡುತ್ತಿದ್ದರು. ಒಳಗಿದ್ದವರ ಬಟ್ಟೆ ಮಾತ್ರ ಮಳೆಯಲ್ಲಿ ನೆನೆದಂತೆ ತೊಯ್ದಿರುತ್ತಿತ್ತು. ಆಗ ನಿಮಗೆ ಎರಡು ಪ್ರಶ್ನೆಗಳು ಹೊಳೆದಿರಬಹುದು. ಒಗೆದು ಮತ್ತೆ ತೊಟ್ಟರೆ ಆಗದೆ? ತೊಟ್ಟವರನ್ನು ಹೀಗೆ ಬೇಯಿಸದಂಥ ಬಟ್ಟೆ ಸಿಗದೆ? ಈ ಪ್ರಶ್ನೆಗಳು ಕೊರೋನಾ ಕಾಲದಲ್ಲಿ ಹುಟ್ಟಿದವಲ್ಲ. ಅವುಗಳ ಬೇರು ಲಂಡನ್ನಿನ ಮಸಿ ಹಿಡಿದ ಹೊಗೆಗೂಡುಗಳಲ್ಲಿದೆ.

1775ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ವಿಚಿತ್ರ ಸಂಗತಿಯನ್ನು ಬರೆದಿಟ್ಟ. ಹೊಗೆಗೂಡು ಗುಡಿಸುವವರಿಗೆ ವೃಷಣಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರುತ್ತಿತ್ತು. ಇಕ್ಕಟ್ಟಾದ ಗೂಡುಗಳೊಳಗೆ ಏರಲು ಚಿಕ್ಕ ಹುಡುಗರನ್ನೇ ಇಳಿಸುತ್ತಿದ್ದ ಕಾಲ ಅದು. ಎಷ್ಟೋ ಸಲ ಅವರ ಮೈಮೇಲೆ ಬಟ್ಟೆಯೂ ಇರುತ್ತಿರಲಿಲ್ಲ. ಚರ್ಮದ ಸುಕ್ಕುಗಳಲ್ಲಿ ಮಸಿ ಕೂರುವುದೇ ರೋಗಕ್ಕೆ ಕಾರಣ ಎಂದು ಪಾಟ್ ಹೇಳಿದ. ಒಂದು ಕಸುಬಿಗೂ ಒಂದು ಕ್ಯಾನ್ಸರಿಗೂ ಇರುವ ನಂಟನ್ನು ಗುರುತಿಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

ನಮಗೆ ಮುಖ್ಯವಾದುದು ಇದರ ಮುಂದಿನ ಭಾಗ. ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ, 1892ರಲ್ಲಿ, ಅದೇ ಆಸ್ಪತ್ರೆಯ ಹೆನ್ರಿ ಬಟ್ಲಿನ್ ಎಂಬ ವೈದ್ಯ ಬೇರೊಂದು ಪ್ರಶ್ನೆ ಕೇಳಿದ. ಯೂರೋಪಿನ ಇತರ ದೇಶಗಳಲ್ಲೂ ಹೊಗೆಗೂಡುಗಳಿವೆ, ಗುಡಿಸುವವರೂ ಇದ್ದಾರೆ. ಅವರಿಗೇಕೆ ಈ ಕ್ಯಾನ್ಸರ್ ಇಷ್ಟು ವಿರಳ? ವಿಚಾರಿಸಿದಾಗ ಆತನ ಕಣ್ಣಿಗೆ ಬಿದ್ದುದು ಅವರ ದಿರಿಸು. ಜರ್ಮನಿಯಂಥ ಕಡೆಗಳಲ್ಲಿ ಗುಡಿಸುವವರು ಮೈಗೆ ಬಿಗಿಯಾಗಿ ಕೂರುವ, ಮಸಿ ಒಳನುಗ್ಗದಂಥ ಉಡುಪು ತೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಮೈ ತೊಳೆಯುತ್ತಿದ್ದರು. ಇಂಗ್ಲೆಂಡಿನವರ ಉಡುಪು ಸಡಿಲ, ಸ್ನಾನ ಅಪರೂಪ. ಮಸಿಯೊಳಗಿನ ಅಪರಾಧಿ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಟಾರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದ್ದು 1915ರಲ್ಲಿ. ಟಾರಿನಿಂದ ಬೆಂಜೊಪೈರೀನ್ ಎಂಬ ಅಣುವನ್ನು ಬೇರ್ಪಡಿಸಿದ ವರದಿ ಬಂದದ್ದು 1933ರಲ್ಲಿ. ಅಣುವಿನ ಹೆಸರು ತಿಳಿಯುವುದಕ್ಕೆ ಎಷ್ಟೋ ಮೊದಲೇ ಒಂದು ಬಟ್ಟೆ ಜನರನ್ನು ಕಾಪಾಡುತ್ತಿತ್ತು! ರಸಾಯನ ವಿಜ್ಞಾನದ ಪಾಠದಲ್ಲಿ ಈ ಕತೆಯನ್ನು ಹೇಳುವ ಅಧ್ಯಾಪಕರು ಕಡಿಮೆ; ಹೇಳಬೇಕಾದ ಕತೆ.

ಮೈಯನ್ನು ಮುಚ್ಚಿದರೆ ಸಾಕೆ? ಸಾಲದು ಎಂಬುದನ್ನು ಕಲ್ನಾರು ಕಲಿಸಿತು. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆಂಕಿಗೆ ಜಗ್ಗದ ಖನಿಜ. ಅದರ ಎಳೆಗಳು ಎಷ್ಟು ಸಣ್ಣವೆಂದರೆ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಶ್ವಾಸಕೋಶವನ್ನು ಸುತ್ತುವರಿದ ಪೊರೆಯಲ್ಲಿ ಮೀಸೊಥೀಲಿಯೋಮ ಎಂಬ ಮಾರಕ ಗಂತಿಯನ್ನು ಹಲವು ದಶಕಗಳ ನಂತರ ಹುಟ್ಟಿಸಬಲ್ಲವು. 1965ರಲ್ಲಿ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಮ್ಸನ್ ಲಂಡನ್ನಿನ ಇಂಥ 76 ರೋಗಿಗಳ ಪೂರ್ವವೃತ್ತಾಂತವನ್ನು ಕಲೆಹಾಕಿ ಪ್ರಕಟಿಸಿದರು. 31 ಮಂದಿ ಕಲ್ನಾರಿನ ಕೆಲಸ ಮಾಡಿದವರೇ. ಆದರೆ 9 ಮಂದಿ ಕಾರ್ಖಾನೆಯೊಳಗೆ ಕಾಲಿಟ್ಟವರಲ್ಲ. ಕಲ್ನಾರಿನ ಕೆಲಸಗಾರರೊಡನೆ ಒಂದೇ ಮನೆಯಲ್ಲಿ ಬಾಳಿದವರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಗಂಡ ಕೆಲಸದಿಂದ ಧೂಳು ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದ. ಹೆಂಡತಿ ಅದನ್ನು ಕೊಡವಿ, ಒಗೆದು, ಒಣಗಿಸುತ್ತಿದ್ದಳು. ಅವಳು ಮಾಡಿದ್ದು ಅಷ್ಟೇ.

ಇದನ್ನು ಓದಿದ ಮೇಲೆ ‘ಒಗೆದು ಮತ್ತೆ ತೊಟ್ಟರೆ ಆಗದೆ’ ಎಂಬ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ. ನೇಯ್ದ ಹತ್ತಿ ಬಟ್ಟೆಯ ನೂಲುಗಳ ನಡುವೆ ಧೂಳು ಸಿಕ್ಕಿಕೊಳ್ಳುತ್ತದೆ. ಕೊಡವಿದಾಗ ಗಾಳಿಗೆ ಏಳುತ್ತದೆ. ಬಟ್ಟೆ ತೊಟ್ಟವನನ್ನು ಕಾಪಾಡಿ, ಒಗೆಯುವವಳ ಕೈಗೆ ಅಪಾಯವನ್ನು ದಾಟಿಸಿದಂತಾಯಿತು. 1972ರಲ್ಲಿ ಅಮೆರಿಕ ಕಲ್ನಾರಿನ ಬಗ್ಗೆ ತಂದ ನಿಯಮದಲ್ಲಿ ಮಾಲೀಕನೇ ಕವರಾಲ್ ಒದಗಿಸಬೇಕು, ಧೂಳು ಹರಡದಂತೆ ಅದನ್ನು ಒಗೆಸಬೇಕು ಎಂಬ ಅಂಶಗಳು ಸೇರಿದವು. ಒಗೆಯುವುದೇ ಕಷ್ಟವಾದರೆ? ಮುಚ್ಚಿದ ಚೀಲದಲ್ಲಿ ಹಾಕಿ ವಿಲೇವಾರಿ ಮಾಡಬಲ್ಲ ಅಗ್ಗದ ಉಡುಪು ಬೇಕು. ಅದೃಷ್ಟಕ್ಕೆ ಅಂಥದಕ್ಕೆ ತಕ್ಕ ವಸ್ತು ಅಷ್ಟರಲ್ಲಿ ಮಾರುಕಟ್ಟೆಗೆ ಬಂದಿತ್ತು.

ಅದರ ಹುಟ್ಟು ಆಕಸ್ಮಿಕ. 1955ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಜಿಮ್ ವೈಟ್ ಎಂಬ ಸಂಶೋಧಕ, ಕೊಳವೆಯೊಂದರಿಂದ ಬಿಳಿ ನಯವಾದ ಪಾಲಿಎಥಿಲೀನ್ ಅರಳೆ ಹೊರಬರುತ್ತಿದ್ದುದನ್ನು ಗಮನಿಸಿದ. ದ್ರಾವಕದಲ್ಲಿ ಕರಗಿದ ಪಾಲಿಎಥಿಲೀನನ್ನು ಒತ್ತಡದಲ್ಲಿಟ್ಟು ಸೂಜಿಗಂಡಿಯ ಮೂಲಕ ಹೊರಬಿಟ್ಟರೆ ದ್ರಾವಕ ಥಟ್ಟನೆ ಆವಿಯಾಗುತ್ತದೆ, ಪಾಲಿಮರ್ ಜೇಡರಬಲೆಯಂಥ ಎಳೆಗಳಾಗಿ ಉಳಿಯುತ್ತದೆ. ಆ ಬಲೆಯನ್ನು ಹಾಸಿ, ಬಿಸಿ ಮಾಡಿ ಒತ್ತಿದರೆ ಹಾಳೆ ಸಿದ್ಧ. ನೂಲುವುದೂ ಇಲ್ಲ, ನೇಯುವುದೂ ಇಲ್ಲ. 1967ರಿಂದ ಟೈವೆಕ್ ಎಂಬ ಹೆಸರಿನಲ್ಲಿ ಇದರ ವಾಣಿಜ್ಯ ಉತ್ಪಾದನೆ ನಡೆಯಿತು. ಇದೇ ಕಾಲದಲ್ಲಿ ಬೆಳೆದ ಇನ್ನೊಂದು ಕವಲು ಪಾಲಿಪ್ರೊಪಿಲೀನಿನದು. ಕರಗಿದ ಪಾಲಿಮರನ್ನು ಬಿಸಿಗಾಳಿಯಿಂದ ಊದಿ ಅತಿ ಸೂಕ್ಷ್ಮ ಎಳೆ ಮಾಡುವ ವಿಧಾನವನ್ನು ಅಮೆರಿಕದ ನೌಕಾ ಸಂಶೋಧನಾಲಯ ಶೋಧಿಸಿದ್ದು ಅಣುಬಾಂಬ್ ಪರೀಕ್ಷೆಗಳ ವಿಕಿರಣಶೀಲ ಕಣಗಳನ್ನು ಸೋಸಿ ಹಿಡಿಯಲೆಂದು. ಆ ಸೂಕ್ಷ್ಮ ಪದರವನ್ನು ಎರಡು ಗಟ್ಟಿ ಪದರಗಳ ನಡುವೆ ಇಟ್ಟರೆ ಇಂದು ಕಾಣುವ ಮೂರು ಪದರದ ಬಟ್ಟೆ. ಮೂರನೆಯ ಬಗೆಯದರಲ್ಲಿ ಬಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಪೊರೆಯನ್ನು ಅಂಟಿಸುತ್ತಾರೆ. ಆ ಪೊರೆಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಎಳೆದರೆ ಪ್ರತಿ ಕಣದ ಸುತ್ತ ಸಣ್ಣ ಬಿರುಕು ತೆರೆದುಕೊಳ್ಳುತ್ತದೆ. ನೀರಾವಿ ದಾಟುತ್ತದೆ, ನೀರು ದಾಟದು.

ಹಾಗಾದರೆ ತೊಟ್ಟವರು ಬೇಯುವುದೇಕೆ? ಒಂದು ಸಣ್ಣ ಲೆಕ್ಕ ಹಾಕೋಣ, ತರಗತಿಯಲ್ಲೂ ಹಾಕಿಸಬಹುದು. ಸಾಧಾರಣ ದೈಹಿಕ ಕೆಲಸ ಮಾಡುವವನ ಮೈಯಲ್ಲಿ ಸುಮಾರು 300 ವಾಟ್‌ನಷ್ಟು ಶಾಖ ಉತ್ಪತ್ತಿಯಾಗುತ್ತದೆ. ಒಂದು ಗ್ರಾಂ ಬೆವರು ಆರಿದರೆ ಸುಮಾರು 2.4 ಕಿಲೋಜೌಲ್ ಶಾಖ ಹೊರಹೋಗುತ್ತದೆ. ಗಂಟೆಗೆ ಅರ್ಧ ಲೀಟರ್ ಬೆವರು ಪೂರ್ತಿ ಆರಿದರೆ ಲೆಕ್ಕ ಸರಿಹೋಯಿತು. ಆದರೆ ಉಡುಪಿನೊಳಗಿನ ಗಾಳಿ ಬೇಗನೆ ನೀರಾವಿಯಿಂದ ತುಂಬಿಕೊಳ್ಳುತ್ತದೆ; ಆಮೇಲೆ ಬೆವರು ಆರುವುದಿಲ್ಲ, ಬರಿದೆ ಸುರಿಯುತ್ತದೆ. ಸುರಿದ ಬೆವರು ತಂಪು ಮಾಡದು. 300 ವಾಟ್‌ನಲ್ಲಿ ಬರಿ 100 ವಾಟ್ ಒಳಗೇ ಉಳಿಯಿತು ಎನ್ನಿ. 60 ಕಿಲೋ ತೂಕದ ಮೈಯ ತಾಪ ಒಂದು ಡಿಗ್ರಿ ಏರಲು ಸುಮಾರು 210 ಕಿಲೋಜೌಲ್ ಬೇಕು. ಅಂದರೆ 35 ನಿಮಿಷ. 2014ರಲ್ಲಿ ಪಶ್ಚಿಮ ಆಫ್ರಿಕದ ಎಬೋಲಾ ಆಸ್ಪತ್ರೆಗಳಲ್ಲಿ ಪೂರ್ಣ ಕವಚ ತೊಟ್ಟವರು ಒಮ್ಮೆಗೆ ಸುಮಾರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಳಗಿರಲು ಆಗುತ್ತಿರಲಿಲ್ಲ ಎಂಬುದು ಈಗ ಆಶ್ಚರ್ಯವೆನಿಸದು.

ಸೌಖ್ಯ ಎಂಬುದು ಇಲ್ಲಿ ಷೋಕಿಯ ಮಾತಲ್ಲ. ಬೆವರಿನಿಂದ ಕಂಗೆಟ್ಟವನು ಜಿಪ್ಪು ಇಳಿಸುತ್ತಾನೆ, ಟೊಪ್ಪಿಗೆ ಸರಿಸುತ್ತಾನೆ. ಅಲ್ಲಿಗೆ ರಕ್ಷಣೆ ಮುಗಿಯಿತು. ಅಳತೆಯೂ ಅಷ್ಟೇ ಮುಖ್ಯ. ಚಿಕ್ಕದಾದರೆ ಕುಕ್ಕರಗಾಲಲ್ಲಿ ಕೂತಾಗ ಹೊಲಿಗೆ ಬಿರಿಯುತ್ತದೆ. ದೊಡ್ಡದಾದರೆ ಬಗ್ಗಿ ಏಳುವಾಗಲೆಲ್ಲ ಉಡುಪು ಕಮ್ಮಾರನ ತಿದಿಯಂತೆ ಕೆಲಸ ಮಾಡಿ ಕುತ್ತಿಗೆ, ಮಣಿಕಟ್ಟುಗಳ ಸಂದಿನಿಂದ ಧೂಳನ್ನು ಒಳಗೆಳೆಯುತ್ತದೆ. ಗಂಡಸರ ಅಳತೆಗೆ ಹೊಲಿದದ್ದನ್ನೇ ದಾದಿಯರಿಗೂ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ತಪ್ಪು ಎಂದೇ ನನ್ನ ಅಭಿಪ್ರಾಯ.

ಬೇಡದ ಕಡೆ ತೊಡಿಸುವುದೂ ತಪ್ಪೇ. 2011ರಲ್ಲಿ ಜಪಾನಿನ ಫುಕುಷಿಮಾ ಪರಮಾಣು ಸ್ಥಾವರದ ದುರಂತದ ನಂತರ ಅಲ್ಲಿನ ಕೆಲಸಗಾರರೆಲ್ಲ ಬಿಳಿ ಕವರಾಲ್ ತೊಟ್ಟರು. ಆ ಬಟ್ಟೆ ಗಾಮಾ ಕಿರಣಗಳನ್ನು ತಡೆಯುತ್ತದೆಂದು ನೋಡಿದವರು ಭಾವಿಸಿದ್ದುಂಟು. ಇಲ್ಲ; ವಿಕಿರಣಶೀಲ ಧೂಳು ಮೈಗೆ ಮೆತ್ತದಂತೆ, ಹೊರಗೆ ಸಾಗಿ ಹೋಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ನೆಲಕ್ಕೆ ಹೊದಿಕೆ ಹಾಕಿ ಧೂಳನ್ನು ಹತೋಟಿಗೆ ತಂದ ಮೇಲೆ, 2016ರ ಮಾರ್ಚ್‌ನಲ್ಲಿ ಸ್ಥಾವರವನ್ನು ವಲಯಗಳಾಗಿ ವಿಂಗಡಿಸಿ, ಕಡಿಮೆ ಅಪಾಯದ ಕಡೆ ಸಾಮಾನ್ಯ ಕೆಲಸದ ಬಟ್ಟೆಗೆ ಅವಕಾಶ ಕೊಟ್ಟರು. ಕವಚ ಕಳಚಿದ್ದೂ ಸುರಕ್ಷತೆಯ ಸುಧಾರಣೆಯೇ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 2020ರ ಆರಂಭದಲ್ಲಿ ಭಾರತದಲ್ಲಿ ಇಂಥ ವೈದ್ಯಕೀಯ ಕವರಾಲ್‌ಗಳ ತಯಾರಿಕೆ ಇರಲೇ ಇಲ್ಲವೆನ್ನಬಹುದು. ಏಪ್ರಿಲ್ ಕೊನೆಯ ಹೊತ್ತಿಗೆ ದಿನಕ್ಕೆ ಒಂದು ಲಕ್ಷ ದಾಟಿತು. ಅದರಲ್ಲಿ ಅರ್ಧದಷ್ಟು ಬೆಂಗಳೂರಿನದೇ ಎಂದು ಕೇಂದ್ರ ಸರ್ಕಾರ ತಿಳಿಸಿತು. ಗಾರ್ಮೆಂಟ್ ಕಾರ್ಖಾನೆಗಳಿದ್ದವು, ಹೊಲಿಯಬಲ್ಲ ಕೈಗಳಿದ್ದವು. ತೊಡಕಾದದ್ದು ಹೊಲಿಗೆಯೇ! ಇಲ್ಲೊಂದು ಭೌತವಿಜ್ಞಾನ ಇದೆ. ನೀರಿಗೆ ಅಂಟದ ಬಟ್ಟೆಯ ರಂಧ್ರದೊಳಗೆ ದ್ರವವನ್ನು ನೂಕಲು ಬೇಕಾದ ಒತ್ತಡ ಹೆಚ್ಚೆಂದರೆ ಮೇಲ್ಮೈ ಎಳೆತದ ನಾಲ್ಕು ಪಟ್ಟನ್ನು ರಂಧ್ರದ ವ್ಯಾಸದಿಂದ ಭಾಗಿಸಿದಷ್ಟು. ಪರೀಕ್ಷೆಗೆ ಬಳಸುವ ಕೃತಕ ರಕ್ತದ ಮೇಲ್ಮೈ ಎಳೆತ ಮೀಟರಿಗೆ 0.042 ನ್ಯೂಟನ್. ಸೂಜಿ ಕೊರೆದ ಅರ್ಧ ಮಿಲಿಮೀಟರ್ ತೂತಿಗೆ ಲೆಕ್ಕ ಹಾಕಿದರೆ ಸುಮಾರು 340 ಪಾಸ್ಕಲ್. ನಮ್ಮ ಆರೋಗ್ಯ ಸಚಿವಾಲಯ ಆಗ ಕೇಳಿದ್ದ ದರ್ಜೆ ಮೂರರ ಪರೀಕ್ಷೆಯ ಒತ್ತಡ 3500 ಪಾಸ್ಕಲ್, ಹತ್ತು ಪಟ್ಟು. ಒಂದು ಮೈಕ್ರಾನ್ ರಂಧ್ರದ ಪೊರೆ ಎಷ್ಟು ಚೆನ್ನಾಗಿದ್ದರೇನು, ಹೊಲಿಗೆಯ ಸಾಲಿನಲ್ಲಿ ಅದು ಜರಡಿ. ಆದ್ದರಿಂದಲೇ ಹೊಲಿಗೆಯ ಮೇಲೆ ಬಿಸಿಯಲ್ಲಿ ಅಂಟಿಸುವ ಪಟ್ಟಿ ಬೇಕು. ಆ ಪಟ್ಟಿಯೇ ದೇಶದಲ್ಲಿ ಸಿಗದಿದ್ದಾಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ, ಜಲಾಂತರ್ಗಾಮಿಗಳಲ್ಲಿ ಬಳಸುವ ಅಂಟನ್ನು ಆಧರಿಸಿ ಬದಲಿ ಅಂಟೊಂದನ್ನು ಸಿದ್ಧಪಡಿಸಿತು.

ಎಂದಮೇಲೆ ಕವರಾಲ್ ಆರಿಸುವಾಗ ‘ಅತ್ಯಂತ ದಪ್ಪದ್ದು ಕೊಡಿ’ ಎನ್ನುವುದು ಜಾಣತನವಲ್ಲ. ಎದುರಿಗಿರುವುದು ಒಣ ಧೂಳೇ, ತುಂತುರೇ, ರಭಸದಿಂದ ಚಿಮ್ಮುವ ದ್ರವವೇ, ಅನಿಲವೇ ಎಂಬುದನ್ನು ಮೊದಲು ಕೇಳಬೇಕು. ಯೂರೋಪಿನ ಮಾನಕಗಳು ಈ ಆಧಾರದ ಮೇಲೆಯೇ ಆರು ಬಗೆ ಮಾಡಿವೆ: ಒಂದನೆಯದು ಅನಿಲವೂ ನುಸುಳದ್ದು, ಐದನೆಯದು ಒಣ ಕಣಗಳಿಗೆ, ಆರನೆಯದು ಅಲ್ಪ ಸಿಂಪಡಿಕೆಗೆ. ಧೂಳಿನ ಉಡುಪು ತೊಟ್ಟು ಆಮ್ಲದ ಮುಂದೆ ನಿಂತರೆ ಫಲವಿಲ್ಲ. ಪಾಲಿಎಥಿಲೀನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ವೆಲ್ಡಿಂಗ್ ಕಿಡಿಯ ಬಳಿ ಅದು ಅಪಾಯವೇ ಸರಿ. ಕಳಚುವಾಗ ಹೊರಮೈ ಒಳಗಾಗುವಂತೆ ಸುರುಳಿ ಸುತ್ತಿ ತೆಗೆಯುವುದನ್ನು ಅಭ್ಯಾಸ ಮಾಡಿಸದಿದ್ದರೆ ಕೊನೆಯ ಒಂದು ನಿಮಿಷದಲ್ಲಿ ಎಲ್ಲವೂ ವ್ಯರ್ಥ.

ನಮ್ಮ ಹಳ್ಳಿಗಳ ಕಡೆ ನೋಡಿದರೆ 1965ರ ಲಂಡನ್ ದೂರವೇನಲ್ಲ. ಹೊಲಕ್ಕೆ ಕೀಟನಾಶಕ ಹೊಡೆದು ಬಂದವನ ಅಂಗಿ ಮನೆಮಂದಿಯ ಬಟ್ಟೆಗಳ ಜೊತೆಗೇ ಕಲ್ಲಿನ ಮೇಲೆ ಬೀಳುತ್ತದೆ, ಒಗೆಯುವವಳು ಮನೆಯಾಕೆ. ಪ್ರತಿ ಸಿಂಪಡಣೆಗೂ ಎಸೆಯುವ ಉಡುಪು ಕೊಳ್ಳಲು ರೈತನಿಗೆ ಆಗದು, ಬಿಸಿಲಲ್ಲಿ ತೊಡಲೂ ಆಗದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಇದಕ್ಕೆ ಬೇರೆ ದಾರಿ ಹಿಡಿಯಿತು. ಹತ್ತಿ ಬಟ್ಟೆಗೇ ಒಂದು ರಾಸಾಯನಿಕವನ್ನು ಬೆಸೆದು, ಆರ್ಗನೊಫಾಸ್ಫೇಟ್ ಕೀಟನಾಶಕ ತಗುಲಿದ ಕೂಡಲೇ ಅದನ್ನು ಒಡೆಯುವಂತೆ ಮಾಡಿತು. ಗಾಳಿಯಾಡುವ ಬಟ್ಟೆ, ತಡೆಯುವ ಬದಲು ವಿಷವನ್ನೇ ನಿರ್ವಿಷ ಮಾಡುತ್ತದೆ. ‘ಕಿಸಾನ್ ಕವಚ್’ ಎಂಬ ಹೆಸರಿನಲ್ಲಿ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಅದರ ಬೆಲೆ ಸುಮಾರು 4000 ರೂಪಾಯಿ. ಒಗೆದು ಒಂದು ವರ್ಷದವರೆಗೆ ತೊಡಬಹುದು ಎಂದು ತಯಾರಕರು ಹೇಳಿದರು.