ಲೀಡ್ಸ್ ಸಿಟಿ ಸಂಘದ ವಿಚಾರಣೆಯೂ ಅದರ ಅಭಿಮಾನಿಗಳೂ: 1919–1920

ಆಟಗಾರರ ಸಂಬಳ ಮತ್ತು ವರ್ಗಾವಣೆಗಳಲ್ಲಿ ನಡೆದ ಅಕ್ರಮಗಳನ್ನು ಕುರಿತು ಇಂಗ್ಲೆಂಡಿನ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಅನೇಕ ವಿಚಾರಣೆಗಳು ನಡೆದಿವೆ. ಅವುಗಳಲ್ಲಿ 1919ನೆಯ ಇಸವಿಯಲ್ಲಿ ಲೀಡ್ಸ್ ಸಿಟಿ ಎಂಬ ಸಂಘದ ಮೇಲೆ ನಡೆದ ವಿಚಾರಣೆಗೆ ಒಂದು ವೈಶಿಷ್ಟ್ಯವುಂಟು. ಲೆಕ್ಕದ ಪುಸ್ತಕಗಳನ್ನು ಯಾರೂ ತೆರೆದು ನೋಡದೆಯೇ ಆ ಸಂಘ ಅಳಿಯಿತು. ಅದರ ಆಟಗಾರರನ್ನು ಹರಾಜು ಹಾಕಿದ ದಿನವೇ ಅದರ ಅಭಿಮಾನಿಗಳು ಕೂಡಿ ಮತ್ತೊಂದು ಸಂಘವನ್ನು ಹುಟ್ಟುಹಾಕಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಆ ಸಂಘದ ವ್ಯವಸ್ಥಾಪಕನಾಗಿದ್ದು ಮುಂದೆ ಪ್ರಖ್ಯಾತನಾದ ಹರ್ಬರ್ಟ್ ಚಾಪ್ಮನ್ನನ ಜೀವನಚರಿತ್ರೆಯ ಒಂದು ಅಧ್ಯಾಯವಾಗಿ ಹೇಳುವ ವಾಡಿಕೆಯಿದೆ. ಹಾಗೆ ಹೇಳುವಾಗ ಕಟಕಟೆಯ ಹೊರಗೆ ಹಣ ತೆತ್ತು ನಿಂತು ನೋಡುತ್ತಿದ್ದ ಜನಸಾಮಾನ್ಯ ಹಿನ್ನೆಲೆಗೆ ಸರಿಯುತ್ತಾನೆ. ಪ್ರಸ್ತುತ ಲೇಖನದಲ್ಲಿ ಅವನನ್ನು ಮುಂದಿಟ್ಟುಕೊಂಡು ವಿಷಯವನ್ನು ಪರಿಶೀಲಿಸಲು ಯತ್ನಿಸಿದೆ.

ಮೊದಲು ಆ ಕಾಲದ ಕಟ್ಟಳೆಗಳನ್ನು ತಿಳಿಯುವುದು ಅವಶ್ಯಕ. ಹಣಕ್ಕಾಗಿ ಆಡುವುದನ್ನು ಫುಟ್‌ಬಾಲ್ ಅಸೋಸಿಯೇಷನ್ 1885ರಲ್ಲಿ ಅಂಗೀಕರಿಸಿತು. ಫುಟ್‌ಬಾಲ್ ಲೀಗು 1888ರಲ್ಲಿ ಸ್ಥಾಪಿತವಾಯಿತು. ಒಬ್ಬ ಆಟಗಾರನ ಹೆಸರು ಒಮ್ಮೆ ಒಂದು ಸಂಘದಲ್ಲಿ ನೋಂದಾಯಿತವಾದರೆ, ವರ್ಷದ ಕೊನೆಯಲ್ಲಿ ಕರಾರು ಮುಗಿದಿದ್ದರೂ, ಆ ಸಂಘದ ಒಪ್ಪಿಗೆಯಿಲ್ಲದೆ ಅವನು ಲೀಗಿನ ಮತ್ತೊಂದು ಸಂಘವನ್ನು ಸೇರುವಂತಿರಲಿಲ್ಲ. ಅವನನ್ನು ಬಯಸಿದ ಸಂಘ ಅವನನ್ನು ಬಿಟ್ಟುಕೊಡುವ ಸಂಘಕ್ಕೆ ವರ್ಗಾವಣೆಯ ಶುಲ್ಕವನ್ನು ತೆರಬೇಕು. 1901ರಿಂದ ಸಂಬಳಕ್ಕೆ ಒಂದು ಮಿತಿ ಬಂದಿತು: ವಾರಕ್ಕೆ 4 ಪೌಂಡುಗಳನ್ನು ಮೀರಕೂಡದು. ಆದರೆ ಶುಲ್ಕಕ್ಕೆ, 1908ರಲ್ಲಿ ಕೆಲವು ತಿಂಗಳು 350 ಪೌಂಡುಗಳ ಮಿತಿ ಹಾಕಿ ನೋಡಿದ್ದನ್ನು ಬಿಟ್ಟರೆ, ಯಾವ ಎಲ್ಲೆಯೂ ಇರಲಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡಲ್ಸ್‌ಬರೋ ಸಂಘ ಸಂಡರ್ಲೆಂಡ್ ಸಂಘಕ್ಕೆ 1,000 ಪೌಂಡುಗಳನ್ನು ಕೊಟ್ಟಿತು. ಮನುಷ್ಯನ ಬೆಲೆ ಸಾವಿರ ಪೌಂಡು, ಅವನ ದುಡಿಮೆಯ ಬೆಲೆ ವಾರಕ್ಕೆ ನಾಲ್ಕು ಪೌಂಡು! ಇಂಥ ವ್ಯವಸ್ಥೆಯಲ್ಲಿ ಮೇಜಿನ ಕೆಳಗೆ ಹಣ ಕೈ ಬದಲಾಯಿಸಿದ್ದರೆ ಅದು ಆಶ್ಚರ್ಯವಲ್ಲ, ಬದಲಾಯಿಸದಿದ್ದರೆ ಆಶ್ಚರ್ಯ. 1906ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸಂಘ ಇಂಥದೇ ಅಪರಾಧಕ್ಕೆ ಸಿಕ್ಕಿಬಿದ್ದು, ಅದರ 17 ಮಂದಿ ಆಟಗಾರರು ಮತ್ತೆಂದೂ ಆ ಸಂಘದ ಪರವಾಗಿ ಆಡಬಾರದೆಂಬ ಶಿಕ್ಷೆಯಾಯಿತು. ಆದರೂ ಸಂಘ ಉಳಿಯಿತು. ಲೀಗಿನಲ್ಲಿ ಅದರ ಸ್ಥಾನವೂ ಉಳಿಯಿತು. ಈ ಅಂಶವನ್ನು ನೆನಪಿನಲ್ಲಿಡಬೇಕು.

ಲೀಡ್ಸ್ ನಗರದಲ್ಲಿ ಕಾಲ್ಚೆಂಡಾಟಕ್ಕೆ ಮೊದಲಿನಿಂದಲೂ ಅಷ್ಟಾಗಿ ನೆಲೆ ಇರಲಿಲ್ಲ. ಯಾರ್ಕ್‌ಷೈರಿನ ಆ ಭಾಗವೆಲ್ಲ ರಗ್ಬಿ ಆಟದ ಸೀಮೆ. ಲೀಡ್ಸ್ ಸಿಟಿ ಸಂಘ 1904ರಲ್ಲಿ ಸ್ಥಾಪಿತವಾದಾಗ ಅದಕ್ಕೆ ದೊರೆತ ಎಲ್ಲಂಡ್ ರೋಡ್ ಮೈದಾನ ಕೂಡ ಮುಚ್ಚಿಹೋದ ಒಂದು ರಗ್ಬಿ ಸಂಘದ್ದು. ಮರುವರ್ಷವೇ ಲೀಗಿನ ಎರಡನೆಯ ವಿಭಾಗಕ್ಕೆ ಪ್ರವೇಶ ದೊರೆಯಿತು. ಆದರೆ ಮೊದಲನೆಯ ವಿಭಾಗಕ್ಕೆ ಏರುವುದು ಮಾತ್ರ ಸಾಧ್ಯವಾಗಲಿಲ್ಲ. 1912ರಲ್ಲಿ ಚಾಪ್ಮನ್ ಬಂದ ಮೇಲೆ ಜನರಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ಮಹಾಯುದ್ಧ ಬಂದಿತು. 1915ರಲ್ಲಿ ಲೀಗಿನ ಪಂದ್ಯಗಳು ನಿಂತು, ಪ್ರಾಂತೀಯ ಪಂದ್ಯಗಳು ಮಾತ್ರ ಉಳಿದವು. ದೇಶ ಯುದ್ಧದಲ್ಲಿರುವಾಗ ಆಟಕ್ಕೆ ಸಂಬಳ ಸಲ್ಲದೆಂದೂ, ಆಟಗಾರರಿಗೆ ಪ್ರಯಾಣವೇ ಮೊದಲಾದ ಖರ್ಚು ಮಾತ್ರ ಸಲ್ಲಬೇಕೆಂದೂ ವಿಧಿಸಲಾಯಿತು. ಜೊತೆಗೆ, ಯಾವ ಊರಿನಲ್ಲಿ ಸೈನ್ಯದ ಅಥವಾ ಕಾರ್ಖಾನೆಯ ಕೆಲಸದಲ್ಲಿರುವನೋ ಆ ಊರಿನ ಸಂಘಕ್ಕೆ ಅತಿಥಿಯಾಗಿ ಆಡಲು ಆಟಗಾರನಿಗೆ ಅವಕಾಶವಿತ್ತು. ಲೀಡ್ಸ್ ಸಿಟಿ ಈ ಅತಿಥಿಗಳ ಬಲದಿಂದ ಯುದ್ಧಕಾಲದಲ್ಲಿ ಹಿಂದೆಂದೂ ಇಲ್ಲದ ಯಶಸ್ಸನ್ನು ಕಂಡಿತು. 1918ರಲ್ಲಿ ಸ್ಟೋಕ್ ಸಂಘವನ್ನು ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 2–1ರಿಂದ ಸೋಲಿಸಿತು. ಆ ಅತಿಥಿಗಳು ಬರಿಯ ಖರ್ಚಿನ ಹಣಕ್ಕೆ ತೃಪ್ತರಾಗಿ ಆಡಿದರೇ ಎಂಬ ಪ್ರಶ್ನೆಯನ್ನು ಗೆಲುವಿನ ಸಂಭ್ರಮದಲ್ಲಿ ಕೇಳುವವರಿರಲಿಲ್ಲ.

ಆ ಪ್ರಶ್ನೆಯನ್ನು ಬಹಿರಂಗಕ್ಕೆ ತಂದವನು ಚಾರ್ಲಿ ಕೋಪ್ಲೆಂಡ್ ಎಂಬ ಆಟಗಾರ. ಯುದ್ಧ ಮುಗಿದ ಮೇಲೆ ಅವನು ಹೆಚ್ಚಿನ ಸಂಬಳ ಕೇಳಿದ, ನಿರ್ದೇಶಕರು ಒಪ್ಪಲಿಲ್ಲ. 1919ರ ಬೇಸಗೆಯಲ್ಲಿ, 1916ರಿಂದ 1918ರ ವರೆಗೆ ಸಂಘವು ಅತಿಥಿಗಳಿಗೆ ನಿಯಮಬಾಹಿರವಾಗಿ ಹಣ ಕೊಟ್ಟಿತೆಂದು ಅವನು ತನ್ನ ವಕೀಲನ ಮೂಲಕ ಮೇಲಣವರಿಗೆ ದೂರಿತ್ತ. ದೂರಿನ ಹಿಂದಿದ್ದ ಉದ್ದೇಶ ಶುದ್ಧವಾದುದೆಂದು ಹೇಳುವುದು ಕಷ್ಟ. ಹಾಗೆಂದು ದೂರು ಸುಳ್ಳೆನ್ನಲೂ ಬಾರದು. ಅಸೋಸಿಯೇಷನ್ ಮತ್ತು ಲೀಗು ಕೂಡಿ ನೇಮಿಸಿದ ಮಂಡಲಿ ಸೆಪ್ಟೆಂಬರ್ 26ರಂದು ಮ್ಯಾಂಚೆಸ್ಟರಿನಲ್ಲಿ ಸೇರಿತು, ಜೆ. ಸಿ. ಕ್ಲೆಗ್ ಅದರ ಅಧ್ಯಕ್ಷ. ಲೆಕ್ಕದ ಪುಸ್ತಕಗಳನ್ನು ಹಾಜರುಪಡಿಸಿರೆಂದು ಮಂಡಲಿ ಕೇಳಿತು. ಸಂಘದ ಪ್ರತಿನಿಧಿಗಳು ಅವನ್ನು ತರಲಿಲ್ಲ. ಅಕ್ಟೋಬರ್ 6ರ ವರೆಗೆ ವಾಯಿದೆ ಕೊಡಲಾಯಿತು.

ಈ ನಡುವೆ, ಅಕ್ಟೋಬರ್ 4ರಂದು, ಲೀಡ್ಸ್ ಸಿಟಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಆಡಬೇಕಾಗಿತ್ತು. ದೇಶದಲ್ಲಿ ರೈಲ್ವೆ ನೌಕರರ ಮುಷ್ಕರ ನಡೆಯುತ್ತಿದ್ದುದರಿಂದ ತಂಡದವರು ಮೋಟಾರು ವಾಹನದಲ್ಲಿ ಹೋಗಿ, 4–2ರಿಂದ ಗೆದ್ದು ಬಂದರು. ಬಿಲ್ಲಿ ಮ್ಯಾಕ್ಲಿಯಾಡ್ ಮೂರು ಗೋಲು ಹೊಡೆದ. ಅದೇ ಆ ಸಂಘದ ಕೊನೆಯ ಪಂದ್ಯ. ವಾಯಿದೆ ಕಳೆದರೂ ಪುಸ್ತಕಗಳು ಬರಲಿಲ್ಲ. ಮುಂದಿನ ಶನಿವಾರ ಸೌತ್ ಷೀಲ್ಡ್ಸ್ ಸಂಘದೊಡನೆ ನಡೆಯಬೇಕಾಗಿದ್ದ ಪಂದ್ಯ ನಿಂತಿತು. ಅಕ್ಟೋಬರ್ 13ರಂದು ಲೀಡ್ಸ್ ಸಿಟಿಯನ್ನು ಲೀಗಿನಿಂದ ಹೊರಹಾಕಲಾಯಿತು. ನಾಲ್ವರು ನಿರ್ದೇಶಕರೂ, ಚಾಪ್ಮನ್ನನೂ, ಅವನ ಸಹಾಯಕನಾಗಿದ್ದ ಜಾರ್ಜ್ ಕ್ರಿಪ್ಸನೂ ಆಟದ ವ್ಯವಹಾರದಿಂದ ಬಹಿಷ್ಕೃತರಾದರು. ಆ ವರ್ಷ ಎಂಟು ಪಂದ್ಯಗಳಲ್ಲಿ ಸಂಘ ಗಳಿಸಿದ್ದ 10 ಅಂಕಗಳೂ, ಉಳಿದ ಪಂದ್ಯಗಳೂ ಪೋರ್ಟ್ ವೇಲ್ ಎಂಬ ಸಂಘದ ಪಾಲಾದವು. ಗತಿಸಿದವನ ಆಸ್ತಿಯನ್ನು ದಾಯಾದಿಗೆ ವಹಿಸಿಕೊಟ್ಟಂತೆ ಅಂಕಗಳನ್ನೂ ವಹಿಸಿಕೊಟ್ಟದ್ದು ವಿಚಿತ್ರವಾಗಿದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಶಿಕ್ಷೆಯಾದದ್ದು ಪುಸ್ತಕಗಳನ್ನು ಒಪ್ಪಿಸದೆ ಹೋದ ಅವಿಧೇಯತೆಗೆ. ಎಷ್ಟು ಹಣ, ಯಾರಿಗೆ, ಯಾವಾಗ ಸಂದಿತು ಎಂಬುದನ್ನು ಮಂಡಲಿ ನಿರ್ಣಯಿಸಲಿಲ್ಲ. ನಿರ್ಣಯಿಸಲು ಅದರ ಮುಂದೆ ದಾಖಲೆಯಿರಲಿಲ್ಲ. ಯುದ್ಧಕಾಲದಲ್ಲಿ ಇತರ ಸಂಘಗಳೂ ಹೀಗೆಯೇ ನಡೆದುಕೊಂಡವೆಂಬ ಮಾತು ಆಗಲೇ ಬಳಕೆಯಲ್ಲಿತ್ತು. ಒಂದನ್ನು ದಂಡಿಸಿ ಉಳಿದವಕ್ಕೆ ಪಾಠ ಕಲಿಸುವುದೇ ಅಧಿಕಾರಿಗಳ ಉದ್ದೇಶವಾಗಿತ್ತೆಂದು ನನ್ನ ಅಭಿಪ್ರಾಯ. ಲೀಡ್ಸಿನ ಲಾರ್ಡ್ ಮೇಯರ್ ಜೋಸೆಫ್ ಹೆನ್ರಿ, ತಪ್ಪಿತಸ್ಥ ನಿರ್ದೇಶಕರನ್ನು ತೆಗೆದುಹಾಕಿ ಸಂಘದ ಹೊಣೆಯನ್ನು ತಾನೇ ವಹಿಸಿಕೊಳ್ಳುವುದಾಗಿ ಮುಂದೆ ಬಂದದ್ದೂ ವ್ಯರ್ಥವಾಯಿತು. ಆಳುವವರ ತಪ್ಪಿಗೂ ಸಂಘದ ಅಸ್ತಿತ್ವಕ್ಕೂ ಭೇದವುಂಟೆಂಬ ವಾದ ಆ ಕೋರಿಕೆಯಲ್ಲಿ ಅಡಗಿತ್ತು. ಲೀಗು ಅದನ್ನು ಒಪ್ಪಲಿಲ್ಲ.

ಅಕ್ಟೋಬರ್ 17ರಂದು ಲೀಡ್ಸಿನ ಮೆಟ್ರೋಪೋಲ್ ಹೋಟೆಲಿನಲ್ಲಿ ಹರಾಜು ನಡೆಯಿತು. ನಾನಾ ಸಂಘಗಳ ಪ್ರತಿನಿಧಿಗಳು ಬಂದು ಆಟಗಾರರಿಗೆ ಬೆಲೆ ಕಟ್ಟಿದರು. ಮ್ಯಾಕ್ಲಿಯಾಡನನ್ನು 1,250 ಪೌಂಡುಗಳಿಗೆ ನಾಟ್ಸ್ ಕೌಂಟಿ ಸಂಘ ಪಡೆಯಿತು; ಕನಿಷ್ಠ ಬೆಲೆ 100 ಪೌಂಡು. ಒಟ್ಟು ಮೊತ್ತ 9,000 ಪೌಂಡುಗಳನ್ನು ಮೀರಿತು. ಗೋಲಿನ ಬಲೆ, ಕಂಬ, ಪಾದರಕ್ಷೆಗಳೂ ಮಾರಾಟವಾದವು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟದ್ದು ಅಪರಾಧವೆಂದು ತೀರ್ಮಾನಿಸಿದ ಅಧಿಕಾರವೇ, ನಾಲ್ಕು ದಿನಗಳ ತರುವಾಯ, ಆಟಗಾರರನ್ನು ಕಂಬ ಬಲೆಗಳೊಡನೆ ಬಹಿರಂಗವಾಗಿ ಸವಾಲಿಗಿಟ್ಟು ಅದನ್ನು ನ್ಯಾಯವೆಂದು ಕರೆಯಿತು. ಅಕ್ರಮ ಯಾವುದು, ಕ್ರಮ ಯಾವುದು ಎಂಬ ವಿವೇಚನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಅದೇ ಸಂಜೆ ನಗರದ ಹನ್ಸ್‌ಲೆಟ್ ಬೀದಿಯ ಸೇಲಂ ಸಭಾಂಗಣದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅಭಿಮಾನಿಗಳು ನೆರೆದರು. (ನಮ್ಮ ನೆರೆಯ ಸೇಲಂ ಪಟ್ಟಣಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಬೈಬಲ್ಲಿನಿಂದ ಬಂದ ಹೆಸರು.) ಆಲ್ಫ್ ಮ್ಯಾಸರ್ ಎಂಬ ವಕೀಲ ಅಧ್ಯಕ್ಷತೆ ವಹಿಸಿದ. ಅನ್ಯಾಯವಾಯಿತೆಂದು ಮನವಿ ಕಳುಹಿಸಿ ಚದರುವ ಬದಲು, ಹೊಸ ಸಂಘವೊಂದನ್ನು ಕಟ್ಟಬೇಕೆಂದು ಸಭೆ ನಿರ್ಣಯಿಸಿ, ಅದಕ್ಕೆ ಸಮಿತಿಯನ್ನೂ ನೇಮಿಸಿತು. ಲೀಡ್ಸ್ ಯುನೈಟೆಡ್ ಹುಟ್ಟಿದ್ದು ಹೀಗೆ. ಆ ಗಳಿಗೆಯಲ್ಲಿ ಅದಕ್ಕೆ ಮೈದಾನವಿಲ್ಲ, ತಂಡವಿಲ್ಲ, ಲೀಗಿನಲ್ಲಿ ಸ್ಥಾನವಿಲ್ಲ. ಇದ್ದದ್ದು ನೋಡಲು ಬರುವ ಜನ ಮಾತ್ರ. ಎರಡು ವಾರಗಳಲ್ಲಿ, ಹಳೆಯ ಸಂಘದ ಎರಡನೆಯ ತಂಡ ಆಡುತ್ತಿದ್ದ ಮಿಡ್‌ಲೆಂಡ್ ಲೀಗಿನಲ್ಲಿ ಪ್ರವೇಶ ದೊರೆಯಿತು. ಎಲ್ಲಂಡ್ ರೋಡನ್ನು ಬಳಸುತ್ತಿದ್ದ ಯಾರ್ಕ್‌ಷೈರ್ ಅಮೆಚೂರ್ಸ್ ಎಂಬ ಸಂಘ ಸ್ಥಳ ತೆರವು ಮಾಡಿಕೊಟ್ಟಿತು. ಹಿಂದೆ ಲೀಡ್ಸ್ ಸಿಟಿಗೆ ಆಡಿದ್ದ ಡಿಕ್ ರೇ ತಂಡವನ್ನು ಕೂಡಿಸುವ ಕೆಲಸಕ್ಕೆ ನಿಂತ.

ಸಂಘವೆಂದರೆ ನಿರ್ದೇಶಕರೂ ಅವರ ಕಂಪನಿಯೂ ಎಂದು ಲೀಗು ಭಾವಿಸಿತ್ತು. ಕಂಪನಿ ತಪ್ಪಿದರೆ ಸಂಘ ಇಲ್ಲ. ಸಂಘವೆಂದರೆ ತಾವೆಂದು ಸೇಲಂ ಸಭಾಂಗಣದ ಜನ ತೋರಿಸಿದರು. ಮುಂದಿನ ಕಾಲದ ವಿಚಾರಣೆಗಳಲ್ಲಿ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿ ಏಳಲಿಲ್ಲ. 1995ರಲ್ಲಿ ಇಬ್ಬರು ಆಟಗಾರರ ವರ್ಗಾವಣೆಯ ಸಂಬಂಧದಲ್ಲಿ ಮಧ್ಯವರ್ತಿಯಿಂದ ಹಣ ಪಡೆದ ಆರ್ಸೆನಲ್ ಸಂಘದ ವ್ಯವಸ್ಥಾಪಕ ಜಾರ್ಜ್ ಗ್ರಹಾಂ ಕೆಲಸ ಕಳೆದುಕೊಂಡು ಒಂದು ವರ್ಷ ಬಹಿಷ್ಕೃತನಾದ. ಸಂಘ ಎಂದಿನಂತೆ ನಡೆಯಿತು. 2006ರಲ್ಲಿ ಲಾರ್ಡ್ ಸ್ಟೀವನ್ಸರ ವಿಚಾರಣೆ 362 ವರ್ಗಾವಣೆಗಳನ್ನು ಶೋಧಿಸಿ, ಮರುವರ್ಷದ ವರದಿಯಲ್ಲಿ 17ನ್ನು ಸಂದೇಹಕ್ಕೆ ಬಿಟ್ಟಿತು. ಅಲ್ಲಿ ಜನರ ಕೋಪ ವ್ಯಕ್ತಿಗಳ ಮೇಲೆ ಹರಿದು ತಣಿಯಿತು. ಲೀಡ್ಸಿನವರಿಗೆ ಆ ಅನುಕೂಲವಿರಲಿಲ್ಲ.

ಆದರೆ ಅಭಿಮಾನಿಗಳ ಈ ಧೋರಣೆ ಊರ ಗಡಿಯನ್ನು ದಾಟುವಂಥದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಲೀಡ್ಸಿಗೆ ಸುಮಾರು ಹದಿನೈದು ಮೈಲಿ ದೂರದ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ, 1910ರಿಂದ ಲೀಗಿನಲ್ಲಿದ್ದ ಹಡರ್ಸ್‌ಫೀಲ್ಡ್ ಟೌನ್ ಎಂಬ ಸಂಘ ಸಾಲದಲ್ಲಿ ಮುಳುಗಿತ್ತು. ಅಲ್ಲಿಯೂ ರಗ್ಬಿಯ ಪ್ರಾಬಲ್ಯ. 1895ರಲ್ಲಿ ರಗ್ಬಿಯ ನಾರ್ದರ್ನ್ ಯೂನಿಯನ್ ಹುಟ್ಟಿದ್ದೇ ಆ ಊರಿನ ಜಾರ್ಜ್ ಹೋಟೆಲಿನಲ್ಲಿ. ಸಂಘದ ಅಧ್ಯಕ್ಷನೂ ಮುಖ್ಯ ಸಾಲಿಗನೂ ಉಣ್ಣೆಯ ಗಿರಣಿಯ ಧಣಿಯೂ ಆಗಿದ್ದ ಹಿಲ್ಟನ್ ಕ್ರೌಥರ್, 1919ರ ನವೆಂಬರಿನಲ್ಲಿ ಒಂದು ಉಪಾಯ ಹೂಡಿದ: ಲೀಡ್ಸಿನಲ್ಲಿ ಮೈದಾನವೂ ಜನವೂ ಉಂಟು, ಲೀಗಿನ ತಂಡವಿಲ್ಲ, ತನ್ನಲ್ಲಿ ಲೀಗಿನ ತಂಡವುಂಟು, ಜನವಿಲ್ಲ, ಆದುದರಿಂದ ತಂಡವನ್ನೇ ಎತ್ತಿ ಎಲ್ಲಂಡ್ ರೋಡಿಗೆ ಒಯ್ಯುವುದು. ಲೀಡ್ಸಿನ ಹೊಸ ಸಂಘದವರು ಈ ಸಲಹೆಗೆ ಬಾಗಿಲು ಮುಚ್ಚಲಿಲ್ಲ. ತಮ್ಮ ಸಂಘವನ್ನು ಕಳೆದುಕೊಂಡು ತಿಂಗಳು ಕಳೆದಿರಲಿಲ್ಲ; ನೆರೆಯೂರಿನ ಸಂಘ ತಮ್ಮೂರಿಗೆ ಬರುವುದರಲ್ಲಿ ಅವರಿಗೆ ದೋಷ ಕಾಣಲಿಲ್ಲ. ಹಸಿದವನಿಗೆ ಅನ್ನ ಯಾರ ಮನೆಯದೆಂಬ ವಿಚಾರ ಹೊಳೆಯುವುದು ಅಪರೂಪ.

ದೋಷ ಕಂಡದ್ದು ಹಡರ್ಸ್‌ಫೀಲ್ಡಿನವರಿಗೆ. ಅಲ್ಲಿಯ ವರೆಗೆ ಪಂದ್ಯಗಳಿಗೆ ಬಾರದಿದ್ದ ಊರು ತಂಡ ಕೈಬಿಟ್ಟು ಹೋಗುವುದೆಂದು ತಿಳಿದೊಡನೆ ಎಚ್ಚೆತ್ತಿತು. ಅಭಿಮಾನಿಗಳು ಮೈದಾನಕ್ಕೆ ಇಳಿದು ಪ್ರತಿಭಟಿಸಿದರು, ಸಭೆಗಳು ನಡೆದವು, ಕ್ರೌಥರನ ಋಣ ತೀರಿಸಲು ಹಣ ಕೂಡಿಸುವುದಕ್ಕೆ ಲೀಗು ಕಾಲಾವಕಾಶ ಕೊಟ್ಟಿತು. ಊರಿನವರು ಷೇರುಗಳನ್ನು ಕೊಂಡು ಸಂಘವನ್ನು ಉಳಿಸಿಕೊಂಡರು. ಆ ವರ್ಷದ ಕೊನೆಗೆ ಅದೇ ತಂಡ ಎರಡನೆಯ ವಿಭಾಗದಲ್ಲಿ ದ್ವಿತೀಯ ಸ್ಥಾನ ಪಡೆದು ಮೇಲಿನ ವಿಭಾಗಕ್ಕೆ ಏರಿತು. 1920ರ ಏಪ್ರಿಲಿನಲ್ಲಿ ಎಫ್. ಎ. ಕಪ್ಪಿನ ಅಂತಿಮ ಪಂದ್ಯದ ವರೆಗೂ ಹೋಗಿ, ಆಸ್ಟನ್ ವಿಲ್ಲ ಸಂಘಕ್ಕೆ 1–0ರಿಂದ ಸೋತಿತು. 2002ರಲ್ಲಿ ವಿಂಬಲ್ಡನ್ ಸಂಘವನ್ನು ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಅನುಮತಿ ದೊರೆತಾಗ ಅಭಿಮಾನಿಗಳು ತಡೆಯಲಾರದೆ ಹೊಸ ಸಂಘ ಕಟ್ಟಿಕೊಂಡರು. ಹಡರ್ಸ್‌ಫೀಲ್ಡಿನವರು ತಡೆದು ನಿಲ್ಲಿಸಿದ್ದರು.

ಕ್ರೌಥರ್ ತಾನೊಬ್ಬನೇ ಲೀಡ್ಸಿಗೆ ಬಂದು, ಹೊಸ ಸಂಘಕ್ಕೆ 35,000 ಪೌಂಡುಗಳ ಸಾಲ ಕೊಟ್ಟ. 1920ರ ಮೇ 31ರಂದು ಲೀಡ್ಸ್ ಯುನೈಟೆಡ್ 31 ಮತಗಳನ್ನು ಪಡೆದು ಲೀಗಿಗೆ ಚುನಾಯಿತವಾಯಿತು. ಚಾಪ್ಮನ್ನನ ವಿಷಯದಲ್ಲಿ, ಆಪಾದಿತ ಹಣ ಸಂದಾಯವಾದ ಕಾಲದಲ್ಲಿ ಅವನು ಬಾರ್ನ್‌ಬೋ ಮದ್ದುಗುಂಡಿನ ಕಾರ್ಖಾನೆಯ ಕೆಲಸದಲ್ಲಿದ್ದನೆಂಬ ವಾದ ಕೊನೆಗೆ ಅಂಗೀಕೃತವಾಗಿ ಬಹಿಷ್ಕಾರ ರದ್ದಾಯಿತು. ಅವನನ್ನು 1921ರಲ್ಲಿ ಕರೆದುಕೊಂಡದ್ದು ಲೀಡ್ಸ್ ಅಲ್ಲ, ಹಡರ್ಸ್‌ಫೀಲ್ಡ್. 1924, 1925ರಲ್ಲಿ ಅವನ ಕೈಕೆಳಗೂ, ಅವನು ಆರ್ಸೆನಲ್‌ಗೆ ಹೋದ ಮೇಲೆ 1926ರಲ್ಲಿಯೂ ಆ ಸಂಘ ಲೀಗಿನ ಪ್ರಥಮ ಸ್ಥಾನ ಗಳಿಸಿತು. ಲೀಡ್ಸ್ ಯುನೈಟೆಡ್ ಲೀಗಿನ ತನ್ನ ಮೊದಲ ಪಂದ್ಯವನ್ನು 1920ರ ಆಗಸ್ಟ್ 28ರಂದು ಆಡಿತು. ಎದುರಾಳಿ, ಹಳೆಯ ಸಂಘದ ಸ್ಥಾನವನ್ನೂ ಅಂಕಗಳನ್ನೂ ಪಡೆದಿದ್ದ ಪೋರ್ಟ್ ವೇಲ್. ಅಲ್ಲಿ 2–0ರಿಂದ ಸೋತು, ಮುಂದಿನ ವಾರ ಎಲ್ಲಂಡ್ ರೋಡಿನಲ್ಲಿ ಅದೇ ಸಂಘವನ್ನು 3–1ರಿಂದ ಸೋಲಿಸಿತು.