ಮುಖವಾಡ ತೊಟ್ಟ ನ್ಯಾಯಾಧೀಶರು

ಸಿನಿಮಾ ಮಂದಿರದ ಮುಂದೆ ಜನ ಸಾಲಾಗಿ ನಿಂತಿದ್ದಾರೆ. ಒಬ್ಬಾತ ಸಾಲು ಮುರಿದು ನಡುವೆ ತೂರಿಕೊಳ್ಳುತ್ತಾನೆ. ಅದನ್ನು ಕಂಡ ಒಬ್ಬ ಸಾಮಾನ್ಯ ಅಡುಗೆಯವ ತನ್ನ ಕಾರಿಗೆ ಹೋಗಿ, ಕೈಯಾರೆ ಹೊಲಿದ ಕೆಂಪು ಉಡುಪು ಮತ್ತು ಮುಖವಾಡ ತೊಟ್ಟು ಮರಳುತ್ತಾನೆ. ಪ್ಲಂಬರುಗಳು ಬಳಸುವ ಕಬ್ಬಿಣದ ಪೈಪ್ ರೆಂಚ್‌ನಿಂದ ಸಾಲು ಮುರಿದವನ ತಲೆ ಒಡೆಯುತ್ತಾನೆ. ಜೊತೆಗಿದ್ದ ಮಹಿಳೆಗೂ ಅದೇ ಶಿಕ್ಷೆ. ಜೇಮ್ಸ್ ಗನ್ ನಿರ್ದೇಶನದ, 2010ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಲಾದ 'ಸೂಪರ್' ಎಂಬ ಅಮೆರಿಕನ್ ಚಿತ್ರದ ದೃಶ್ಯವಿದು. ನೋಡುವವರಿಗೆ ಮೊದಲು ನಗು ಬರುತ್ತದೆ. ಮರುಕ್ಷಣ ರಕ್ತ ಕಾಣುತ್ತದೆ, ನಗು ಗಂಟಲಲ್ಲೇ ಉಳಿಯುತ್ತದೆ.

ಚಿತ್ರದ ನಾಯಕ ಫ್ರಾಂಕ್‌ಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಹೆಂಡತಿ ಮಾದಕ ವಸ್ತು ಮಾರುವವನೊಬ್ಬನ ಜೊತೆ ಹೊರಟುಹೋಗಿದ್ದಾಳೆ. ಪೊಲೀಸರಿಂದ ಪರಿಹಾರ ಸಿಕ್ಕಿಲ್ಲ. ದೇವರ ಬೆರಳೇ ತನ್ನ ಮಿದುಳನ್ನು ಮುಟ್ಟಿ ತನ್ನನ್ನು ಆರಿಸಿತು ಎಂದು ಆತ ನಂಬುತ್ತಾನೆ. ಅಲ್ಲಿಂದ ಮುಂದೆ ದೂರುದಾರನೂ ಅವನೇ, ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ. ಮಕ್ಕಳನ್ನು ಪೀಡಿಸುವವನಿಗೂ ಸಾಲು ಮುರಿದವನಿಗೂ ಅವನಲ್ಲಿರುವುದು ಒಂದೇ ದಂಡ.

ಇದನ್ನು ನಿರ್ದೇಶಕನೊಬ್ಬನ ವಿಲಕ್ಷಣ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಈ ಮುಖವಾಡಕ್ಕೆ ಅಮೆರಿಕದಲ್ಲಿ ದೀರ್ಘ ಇತಿಹಾಸವಿದೆ. ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ 1851 ಮತ್ತು 1856ರಲ್ಲಿ 'ಜಾಗೃತ ಸಮಿತಿ'ಗಳು ಹುಟ್ಟಿಕೊಂಡವು. ನ್ಯಾಯಾಲಯಗಳು ಕೆಟ್ಟಿವೆ, ಆದ್ದರಿಂದ ನಾವೇ ನ್ಯಾಯ ನೀಡುತ್ತೇವೆ ಎಂಬುದು ಅವುಗಳ ವಾದವಾಗಿತ್ತು. ಈ ಎರಡು ಸಮಿತಿಗಳು ಒಟ್ಟು ಎಂಟು ಮಂದಿಯನ್ನು ಗಲ್ಲಿಗೇರಿಸಿದವು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ತಲೆಯೆತ್ತಿತು. ನಿಲುವಂಗಿ ಮತ್ತು ಮುಖಗವಸು ತೊಟ್ಟ ಬಿಳಿಯರು ರಾತ್ರಿ ಕುದುರೆಯೇರಿ ಹೋಗಿ, ಆಗಷ್ಟೇ ಬಿಡುಗಡೆ ಹೊಂದಿದ ಕರಿಯರನ್ನು ಹಿಂಸಿಸಿದರು, ಕೊಂದರು. ಅವರ ದೃಷ್ಟಿಯಲ್ಲಿ ಅದು ಅಪರಾಧವಾಗಿರಲಿಲ್ಲ. ಸಮಾಜದ ರಕ್ಷಣೆ, ಸ್ತ್ರೀಯರ ಮಾನರಕ್ಷಣೆ ಎಂದೇ ಅವರು ಹೇಳಿಕೊಂಡರು. 1877ರಿಂದ 1950ರವರೆಗೆ 4,400ಕ್ಕೂ ಹೆಚ್ಚು ಕರಿಯರನ್ನು ಗುಂಪುಗಳು ಹೀಗೆ ಕೊಂದ ದಾಖಲೆಗಳಿವೆ.

ಈ ಕೊಲೆಗಡುಕರನ್ನು ವೀರರನ್ನಾಗಿ ಮಾಡಿದ್ದು ಸಿನಿಮಾ. ಡಿ. ಡಬ್ಲ್ಯು. ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' 1915ರಲ್ಲಿ ತೆರೆಕಂಡಿತು. ಅದರಲ್ಲಿ ಕ್ಲಾನ್‌ನವರು ಬಿಳಿ ನಿಲುವಂಗಿ ಹಾರಿಸುತ್ತಾ ಬಂದು ನಾಯಕಿಯನ್ನು ರಕ್ಷಿಸುತ್ತಾರೆ, ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಆಗಲೇ ಅಳಿದುಹೋಗಿದ್ದ ಕ್ಲಾನ್ ಅದೇ ವರ್ಷ ಜಾರ್ಜಿಯಾದಲ್ಲಿ ಮತ್ತೆ ಜೀವ ಪಡೆಯಿತು. ತೆರೆಯ ಮೇಲಿನ ಕಥೆ ಬೀದಿಗಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಅದೇ ವೇಷಕ್ಕೆ ಬೇರೆ ಅರ್ಥ ಕೊಡಲು ಯತ್ನಿಸಿದವರೂ ಇದ್ದರು. ಕ್ಲೀವ್‌ಲ್ಯಾಂಡಿನ ಇಬ್ಬರು ಯಹೂದಿ ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಓದುಗರ ಮುಂದಿಟ್ಟರು. ಇಬ್ಬರೂ ವಲಸಿಗರ ಮಕ್ಕಳು. ಮರುವರ್ಷದ 'ಸೂಪರ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಆತ ಜೈಲಿನೊಳಗಿನ ಕೈದಿಯನ್ನು ಕೊಲ್ಲಲು ಬಂದ ಗುಂಪನ್ನು ತಡೆಯುತ್ತಾನೆ. 1946ರ ರೇಡಿಯೋ ಧಾರಾವಾಹಿಯಲ್ಲಂತೂ ಕ್ಲಾನ್‌ನ ಹೋಲಿಕೆಯ ಸಂಘಟನೆಯ ವಿರುದ್ಧವೇ ಹೋರಾಡುತ್ತಾನೆ. ಅಂದರೆ ಗುಂಪಿನಿಂದ ಕಾನೂನನ್ನು ಕಾಪಾಡುವ ವೀರ ಅವನು. ಆದರೂ ಒಂದು ಪ್ರಶ್ನೆ ಉಳಿಯಿತು: ಅವನನ್ನು ನೇಮಿಸಿದವರು ಯಾರು?

ಈ ಪ್ರಶ್ನೆ 1984ರ ಡಿಸೆಂಬರ್ 22ರಂದು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಮತ್ತೆ ಎದುರಾಯಿತು. ಬರ್ನಾರ್ಡ್ ಗೆಟ್ಸ್ ಎಂಬ ಬಿಳಿಯ, ಹಣ ಕೇಳಿದರೆಂದು ನಾಲ್ವರು ಕರಿಯ ಯುವಕರಿಗೆ ಗುಂಡಿಕ್ಕಿದ. ಒಬ್ಬ ಯುವಕ ಜೀವನವಿಡೀ ಪಾರ್ಶ್ವವಾಯು ಪೀಡಿತನಾದ. ಅಪರಾಧಗಳಿಂದ ಬೇಸತ್ತಿದ್ದ ನಗರದಲ್ಲಿ ಅನೇಕರು ಗೆಟ್ಸ್‌ನನ್ನು ವೀರನೆಂದು ಹೊಗಳಿದರು. 1987ರಲ್ಲಿ ಜ್ಯೂರಿ ಆತನನ್ನು ಕೊಲೆಯತ್ನದ ಆರೋಪದಿಂದ ಮುಕ್ತಗೊಳಿಸಿತು. ಅಕ್ರಮ ಶಸ್ತ್ರ ಹೊಂದಿದ್ದಕ್ಕೆ ಮಾತ್ರ ಶಿಕ್ಷೆಯಾಯಿತು.

'ಸೂಪರ್' ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಫ್ರಾಂಕ್‌ನ ಜೊತೆ ಸೇರುವ ಲಿಬ್ಬಿ ಎಂಬ ತರುಣಿ, ಗೆಳತಿಯ ಕಾರಿಗೆ ಗೀರು ಹಾಕಿದನೆಂಬ ಶಂಕೆಯ ಮೇಲೆ ಒಬ್ಬನನ್ನು ಸಾಯುವಂತೆ ಹೊಡೆಯುತ್ತಾಳೆ. ಗೀರು ಹಾಕಿದವನು ಅವನೇ ಎಂಬುದು ಅವಳಿಗೇ ಖಚಿತವಿಲ್ಲ. ಕೊನೆಗೆ ಗುಂಡೇಟಿಗೆ ಅವಳೂ ಬಲಿಯಾಗುತ್ತಾಳೆ. ಆ ಸಾವು ನಗೆಯ ವಸ್ತುವಾಗಿ ಉಳಿಯುವುದಿಲ್ಲ. ಚಿತ್ರದ ಹಿಂಸೆ ಅತಿಯಾಯಿತು ಎಂಬ ಆಕ್ಷೇಪ ಸರಿಯೇ ಇರಬಹುದು. ಆದರೆ ಇತರ ಚಿತ್ರಗಳು ಮುಚ್ಚಿಡುವ ಸತ್ಯವನ್ನು ಇದು ಬಿಚ್ಚಿಡುತ್ತದೆ: ಏಟು ತಿಂದವನಿಗೂ ಒಂದು ದೇಹವಿದೆ.

ಜನರ ಕ್ಷೇಮ ವಿಚಾರಿಸಲು ಅರಸರು ಮಾರುವೇಷದಲ್ಲಿ ಸುತ್ತಿದ ಕಥೆಗಳನ್ನು ನಾವೂ ಕೇಳಿ ಬೆಳೆದಿದ್ದೇವೆ. ದ್ವಿತೀಯ ಖಲೀಫ ಹಝ್ರತ್ ಉಮರ್(ರ) ಮದೀನಾದ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದರು. ಒಮ್ಮೆ ಅವರು ಅನುಮಾನಗೊಂಡು ಒಂದು ಮನೆಯ ಗೋಡೆ ಹತ್ತಿ ಇಳಿದರು, ಒಳಗೆ ಮದ್ಯದೊಂದಿಗೆ ಕುಳಿತವನನ್ನು ಹಿಡಿದರು ಎಂಬ ಪ್ರಸಂಗ ಪ್ರಸಿದ್ಧ. ಆತ ಹೇಳಿದನಂತೆ: ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು. ಕದ್ದು ನೋಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿ ಕೇಳಲಿಲ್ಲ. ಈ ಮೂರನ್ನೂ ಕುರ್‌ಆನ್ ನಿಷೇಧಿಸಿದೆ. ಖಲೀಫರು ಮಾತನ್ನು ಒಪ್ಪಿ ಅವನನ್ನು ಬಿಟ್ಟು ಹೊರಟರು. ಮುಂದೆ ಇಮಾಮ್ ಗಝ್ಝಾಲಿ, ಕೆಡುಕನ್ನು ತಡೆಯುವ ಕರ್ತವ್ಯದ ಬಗ್ಗೆ ಬರೆಯುವಾಗ, ಆ ಕೆಡುಕು ಗೂಢಚರ್ಯೆಯಿಲ್ಲದೆ ಕಾಣುವಂತಿರಬೇಕೆಂಬ ಷರತ್ತು ವಿಧಿಸಿದರು. ಆಡಳಿತಗಾರನಿಗೇ ಇಷ್ಟು ಕಟ್ಟುಪಾಡು ಇದ್ದಾಗ, ಬೀದಿಯಲ್ಲಿ ಜೋಡಿಗಳನ್ನು ತಡೆದು ಹೆಸರು ಕೇಳುವವರಿಗೆ, ಅವರು ಯಾವ ಧರ್ಮದವರೇ ಆಗಲಿ, ಅಧಿಕಾರ ಎಲ್ಲಿಂದ ಬರುತ್ತದೆ?

ನಮ್ಮಲ್ಲಿ ಮುಖವಾಡವೂ ಬೇಕಾಗಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಹರಡಿತು. ಗುಂಪಿನ ಹೊಡೆತಕ್ಕೆ ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟ. ಹೊಡೆದವರು ತಾವು ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ತಿಳಿದಿದ್ದರು. ನಾಲ್ಕು ದಿನಗಳ ನಂತರ ಸುಪ್ರೀಂ ಕೋರ್ಟು, ಯಾರೂ ಕಾನೂನನ್ನು ಕೈಗೆತ್ತಿಕೊಳ್ಳುವಂತಿಲ್ಲವೆಂದು ಹೇಳಿ, ಗುಂಪುಹತ್ಯೆಯ ವಿರುದ್ಧ ಪ್ರತ್ಯೇಕ ಕಾನೂನು ಮಾಡುವಂತೆ ಸಂಸತ್ತಿಗೆ ಶಿಫಾರಸು ಮಾಡಿತು.

ನ್ಯಾಯಾಲಯ ನಿಧಾನವಾಗಿದೆ, ಪೊಲೀಸರು ಬಲವಿದ್ದವರ ಕಡೆ ವಾಲುತ್ತಾರೆ ಎಂಬ ಜನರ ಸಿಟ್ಟು ಸುಳ್ಳಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲೂ ಜನ ಇದನ್ನೇ ಹೇಳಿದ್ದರು. ಆದರೆ ನ್ಯಾಯಾಲಯದಲ್ಲಿ ಆರೋಪಿಗೆ ಮಾತಾಡುವ ಅವಕಾಶವಿದೆ, ತಪ್ಪು ತೀರ್ಪಿಗೆ ಮೇಲ್ಮನವಿಯಿದೆ. ರೆಂಚ್ ಹಿಡಿದವನ ಮುಂದೆ ಎರಡೂ ಇಲ್ಲ. ಇಂತಹ ನ್ಯಾಯದಲ್ಲಿ ಮೊದಲು ಸಾಯುವವನು ದುರ್ಬಲ, ಅಪರಿಚಿತ ಮತ್ತು ಅಲ್ಪಸಂಖ್ಯಾತ. ತೆರೆಯ ಮುಂದೆ ಕೂತು ಚಪ್ಪಾಳೆ ತಟ್ಟುವ ಮುನ್ನ ನಾವು ನೆನಪಿಡಬೇಕಾದ ಮಾತು ಇದು.