ಪೇಜಿನ ಹಿಂದೆ ಏನಿದೆ? ತಿ. ನರಸೀಪುರದ ಕ್ಯೂನಿಂದ ವೆಬ್ ಡೆವಲಪರ್ ಕೆಲಸದವರೆಗೆ

ಇವತ್ತಿನ ಸಂಚಿಕೆಗೆ ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಎಂಜಿನಿಯರಿಂಗ್ ಓದದೆ, ಕೋಚಿಂಗ್‌ಗೆ ಹೋಗದೆ, ತಾಲ್ಲೂಕು ಕೇಂದ್ರದ ಹುಡುಗನೊಬ್ಬ ವೆಬ್ ಡೆವಲಪರ್ ಆಗೋದು ಹೇಗೆ ಸಾಧ್ಯ ಆಯ್ತು? ಆ ಹುಡುಗ ನಾನೇ. ಆದರೆ ನನ್ನ ಕಥೆಗಿಂತ ಅದರ ಹಿಂದಿರೋ ಇತಿಹಾಸ ದೊಡ್ಡದು. ಅದನ್ನೇ ಹೇಳ್ತೀನಿ, ಕೇಳಿ.

ನಾನು ಮೊದಲ ಸಲ ಕಂಪ್ಯೂಟರ್ ನೋಡಿದ್ದು ಶಾಲೆಯಲ್ಲಲ್ಲ, ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ. ತಾತನ ಜೊತೆ ಪಹಣಿ ತರೋಕೆ ಹೋಗಿದ್ದೆ, ಆಗ ನಂಗೆ ಹತ್ತು ವರ್ಷ. ಅದಕ್ಕೆ ಸ್ವಲ್ಪ ಮುಂಚೆ, 2001ರ ಹೊತ್ತಿಗೆ, ಕರ್ನಾಟಕ ಸರ್ಕಾರ 'ಭೂಮಿ' ಯೋಜನೆ ಜಾರಿಗೆ ತಂದಿತ್ತು. ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೀತಿದ್ದ ಪಹಣಿ ಕಂಪ್ಯೂಟರ್‌ಗೆ ಹೋಯ್ತು. ರಾಜ್ಯದಾದ್ಯಂತ ಸುಮಾರು 2 ಕೋಟಿ ದಾಖಲೆಗಳು. ಕೌಂಟರಲ್ಲಿ 15 ರೂಪಾಯಿ ಕೊಟ್ರೆ ಪ್ರಿಂಟರ್ ಕಿರ್ರ್ ಅಂತ ಸದ್ದು ಮಾಡಿ ಕನ್ನಡದಲ್ಲೇ ಪಹಣಿ ಉಗುಳೋದು. ತಾತ ಕಾಗದ ಹಿಡ್ಕೊಂಡು ಕೇಳಿದ್ರು: "ನಮ್ಮೂರ್ ಜಮೀನೆಲ್ಲ ಆ ಡಬ್ಬ ಒಳಗದಾ ಮಗ?" ನಂಗೆ ಬಂದ ಪ್ರಶ್ನೆ ಬೇರೆ. ಆ ಡಬ್ಬಕ್ಕೆ ಕನ್ನಡ ಹೆಂಗೆ ಗೊತ್ತಾಯ್ತು?

ಉತ್ತರ ಸಿಗೋಕೆ ನಂಗೆ ಎಷ್ಟೋ ವರ್ಷ ಹಿಡೀತು. ನಿಮಗೆ ಈಗಲೇ ಹೇಳಿಬಿಡ್ತೀನಿ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಶುರುವಿನಲ್ಲಿ ನಮ್ಮವರು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೇ ಕನ್ನಡದ ಚಿತ್ರ ಅಂಟಿಸಿದ್ರು. ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಗೋಜಲು. ಆ ಕಾಲದಲ್ಲಿ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದವರು ಕೆ.ಪಿ. ರಾವ್. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂತ್ರಾಂಶ ಹೊರತಂದ್ರು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅಂತರ್ಜಾಲದ ಕಡೆ ನೋಡಿದ್ರೆ, ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಮರು ವರ್ಷವೇ, 1996ರಲ್ಲಿ, 'ವಿಶ್ವಕನ್ನಡ' ಅನ್ನೋ ಅಂತರ್ಜಾಲ ಪತ್ರಿಕೆ ಶುರುವಾಯ್ತು. ಮಾಡಿದವರು ಡಾ. ಯು.ಬಿ. ಪವನಜ. ಅವರು ಓದಿದ್ದು ರಸಾಯನ ವಿಜ್ಞಾನ, ಕೆಲಸ ಮಾಡ್ತಿದ್ದದ್ದು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ.

ಇದನ್ನ ಗಮನಿಸಿ. ಕನ್ನಡದ ವೆಬ್‌ಗೆ ಅಡಿಪಾಯ ಹಾಕಿದವರಿಗೆ ಆ ಕೆಲಸ ಕಲಿಸೋಕೆ ಯಾವ ಕಾಲೇಜಲ್ಲೂ ಪಾಠ ಇರಲಿಲ್ಲ. 'ತಾನೇ ಕಲಿತವನು' ಅಂದ್ರೆ ನಾವು ಅರ್ಧ ಕಲಿತವನು ಅಂದ್ಕೋತೀವಿ. ಆದರೆ ಈ ಕ್ಷೇತ್ರ ಶುರುವಾಗಿದ್ದೇ ತಾವೇ ಕಲಿತವರಿಂದ.

ಈಗ ನನ್ನ ಕಥೆಗೆ ವಾಪಸ್ ಬರೋಣ. ಡಿಗ್ರಿಗೆ ನಾನು ನಂಜನಗೂಡಿಗೆ ಸೇರಿದೆ, ಬಿ.ಕಾಂ. ಬೆಳಗ್ಗೆ ಬಸ್ಸು, ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ದೇವಸ್ಥಾನದ ಕಡೆ ರಸ್ತೆಯ ಒಂದು ಸೈಬರ್ ಸೆಂಟರ್. ಗಂಟೆಗೆ 20 ರೂಪಾಯಿ. ಒಂದಿನ ಕೀಬೋರ್ಡಲ್ಲಿ ಕೈ ತಪ್ಪಿ ಕಂಟ್ರೋಲ್ ಜೊತೆ ಯು ಒತ್ತಿಬಿಟ್ಟೆ. ನೋಡ್ತಿದ್ದ ಪೇಜಿನ ಸೋರ್ಸ್ ಕೋಡ್ ಪೂರ್ತಿ ತೆರ್ಕೊಂಡ್ತು. ಕಂಪ್ಯೂಟರ್ ಹಾಳು ಮಾಡಿದೆ ಅಂತ ಭಯ ಆಯ್ತು. ಸೆಂಟರ್ ಅಣ್ಣ ಬಂದು ನೋಡಿ, "ಏನಾಗಿಲ್ಲ ಬುಡು, ಪೇಜು ಹೆಂಗ್ ಮಾಡವ್ರೆ ಅಂತ ತೋರುಸ್ತಾ ಅದೆ" ಅಂದ್ರು.

ಆ ಒಂದು ಮಾತು ನನ್ನ ಮೊದಲ ಪಾಠ.

ಯಾಕೆ ಅದು ತೋರಿಸುತ್ತೆ? ಅದಕ್ಕೂ ಒಂದು ಇತಿಹಾಸ ಇದೆ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿದ್ದಾಗ ವೆಬ್ ಅನ್ನ ಜಗತ್ತಿನ ಮುಂದಿಟ್ರು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಜ್ಞಾನವನ್ನ ಯಾರು ಬೇಕಾದ್ರೂ ಶುಲ್ಕ ಇಲ್ಲದೆ ಬಳಸಬಹುದು ಅಂತ ಘೋಷಿಸಿತು. ಎಚ್‌ಟಿಎಂಎಲ್ ಬ್ರೌಸರ್‌ಗೆ ಬರೋದೇ ನಾವು ಓದಬಹುದಾದ ಪಠ್ಯವಾಗಿ. ಹೋಟೆಲಿಗೆ ಹೋಗಿ ದೋಸೆ ತಿಂದ್ರೆ, ಹಿಟ್ಟಿನ ಅಳತೆಯನ್ನೂ ತಟ್ಟೆ ಪಕ್ಕದಲ್ಲೇ ಇಟ್ಟ ಹಾಗೆ. ನಾನು ಆ ಅಳತೆಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಂದು, ಒಂದೊಂದು ಸಾಲು ಬದಲಾಯಿಸಿ ಏನಾಗುತ್ತೆ ಅಂತ ನೋಡ್ತಿದ್ದೆ. ಎಚ್‌ಟಿಎಂಎಲ್, ಆಮೇಲೆ ಸಿಎಸ್‌ಎಸ್, ಆಮೇಲೆ ಜಾವಾಸ್ಕ್ರಿಪ್ಟ್. ಇದರ ಮೊದಲ ರೂಪವನ್ನ 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಬರೆದ್ರು. ಅದರ ವಿಚಿತ್ರಗಳನ್ನ ಅರ್ಥ ಮಾಡ್ಕೊಳ್ಳೋಕೆ ನಂಗೆ ಎರಡು ವರ್ಷ ಬೇಕಾಯ್ತು!

ಡಿಗ್ರಿ ಮುಗೀತು. ಮನೆಯಲ್ಲಿ ಕಷ್ಟ. ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದೆ. ನೈಟ್ ಶಿಫ್ಟ್ ಮುಗಿಸಿ ಬಂದು ಎರಡು ಗಂಟೆ ಕಲಿಯೋದು, ಆಮೇಲೆ ನಿದ್ದೆ. ಪಾಠಗಳೆಲ್ಲ ಇಂಗ್ಲಿಷ್. ನಾನು ಕನ್ನಡ ಮೀಡಿಯಂ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯೋದು.

ಮೊದಲ ಕೆಲಸ ಸಿಕ್ಕಿದ್ದು ನಮ್ಮೂರಿನ ಗೊಬ್ಬರದ ಅಂಗಡಿಯವರಿಂದ. ವೆಬ್‌ಸೈಟ್ ಮಾಡ್ಕೊಡಪ್ಪ, ಕನ್ನಡದಲ್ಲೇ ಇರ್ಲಿ ಅಂದ್ರು. 3,000 ರೂಪಾಯಿಗೆ ಒಪ್ಪಿಕೊಂಡೆ. ಎಲ್ಲಾ ನುಡಿ ಫಾಂಟಲ್ಲಿ ಟೈಪ್ ಮಾಡಿ ಹಾಕಿದೆ. ಸೈಬರ್ ಸೆಂಟರಲ್ಲಿ ಚೆನ್ನಾಗೇ ಕಾಣ್ತಿತ್ತು. ಆದರೆ ಅಂಗಡಿಗೆ ಬಂದ ರೈತರೊಬ್ಬರು ತಮ್ಮ ಫೋನಲ್ಲಿ ತೆಗೆದು ತೋರಿಸಿದ್ರೆ, ಒಂದು ಅಕ್ಷರಾನೂ ಓದೋ ಹಾಗಿಲ್ಲ. ಅವರ ಫೋನಲ್ಲಿ ಆ ಫಾಂಟ್ ಇಲ್ಲ. ತಪ್ಪು ಪೂರ್ತಿ ನಂದೇ. ಅಂಗಡಿಯವರು ಬೈಲಿಲ್ಲ, "ನಮ್ ರೈತ್ರು ಓದಕ್ಕಾಗ್ದೆ ಇದ್ಮೇಲೆ ಇದ್ಯಾಕಪ್ಪ?" ಅಂದ್ರು ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಆ ವಾರ ಯುನಿಕೋಡ್ ಕಲಿತೆ. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 'ಅ' ಅಂದ್ರೆ 3205, 'ಕ' ಅಂದ್ರೆ 3221. ಇನ್ಯಾವ ಲಿಪಿಯ ಅಕ್ಷರಕ್ಕೂ ಆ ಸಂಖ್ಯೆ ಇಲ್ಲ. 2003ರ ಜೂನಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇವತ್ತು ಎಲ್ಲ ಫೋನಲ್ಲೂ ಓದೋಕೆ ಸಿಗೋದು ಇದರಿಂದಲೇ. ಇಡೀ ಸೈಟನ್ನ ಮತ್ತೆ ಟೈಪ್ ಮಾಡಿ ಕೊಟ್ಟೆ, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಹತ್ತನೇ ವಯಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ವಾರವೇ.

ಆಮೇಲೆ ಸುಲಭ ಆಯ್ತಾ? ಇಲ್ಲ. ಬೆಂಗಳೂರಲ್ಲಿ ಒಂದು ಕಂಪನಿಯ ಸಂದರ್ಶನದಲ್ಲಿ ಬಿ.ಇ. ಇಲ್ಲ ಅಂತ ಹತ್ತೇ ನಿಮಿಷಕ್ಕೆ ವಾಪಸ್ ಕಳಿಸಿದ್ರು. ಇನ್ನೊಂದು ಕಡೆ ಡೇಟಾ ಸ್ಟ್ರಕ್ಚರ್ ಬಗ್ಗೆ ಕೇಳಿದ್ರು, ನಂಗೆ ನಿಜವಾಗ್ಲೂ ಬರ್ತಿರಲಿಲ್ಲ. ತಾನೇ ಕಲಿಯೋದ್ರಲ್ಲಿ ಇದೊಂದು ತೊಂದರೆ: ನಮಗೆ ಏನು ಗೊತ್ತಿಲ್ಲ ಅನ್ನೋದೇ ನಮಗೆ ಗೊತ್ತಿರಲ್ಲ. ಅದನ್ನ ಒಪ್ಕೊಂಡು ಆರು ತಿಂಗಳು ಅದನ್ನೇ ಓದಿದೆ. ಕೊನೆಗೆ ಮೈಸೂರಿನ ಒಂದು ಸಣ್ಣ ಕಂಪನಿ ಸರ್ಟಿಫಿಕೇಟ್ ಕೇಳಲಿಲ್ಲ, ಗಿಟ್‌ಹಬ್ ಲಿಂಕ್ ಕೇಳ್ತು. ಅದರಲ್ಲಿದ್ದ ಮೊದಲ ಕೆಲಸ ಯಾವುದು ಗೊತ್ತಾ? ಅದೇ ಗೊಬ್ಬರದ ಅಂಗಡಿ.

ನಮ್ಮ ತಾಲ್ಲೂಕಿನ ಸೋಮನಾಥಪುರಕ್ಕೆ ನೀವು ಹೋಗಿರ್ತೀರಿ. 13ನೇ ಶತಮಾನದ ಹೊಯ್ಸಳ ದೇವಸ್ಥಾನ. ಅಲ್ಲಿನ ಅನೇಕ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ಅವನು ಎಲ್ಲಿ ಓದಿದ ಅಂತ ಯಾರೂ ಕೇಳಲ್ಲ, ಕೆಲಸ ನೋಡ್ತಾರೆ, ಹೆಸರು ನೋಡ್ತಾರೆ. ಗಿಟ್‌ಹಬ್ಬಲ್ಲಿ ನನ್ನ ಹೆಸರು ಮೊದಲ ಸಲ ನೋಡಿದಾಗ ಅದೇ ನೆನಪಾಯ್ತು.

ಕೊನೇದಾಗಿ ಒಂದು ಮಾತು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ಎಲ್ಲರ ಜೇಬಿಗೂ ಬಂತು. ನನಗೆ ಗಂಟೆಗೆ 20 ರೂಪಾಯಿ ಬೀಳ್ತಿತ್ತು, ನಿಮಗೆ ಆ ಲೆಕ್ಕ ಇಲ್ಲ. ಆದರೆ ನಿಮ್ಮ ಆ್ಯಪ್‌ಗಳಲ್ಲಿ ಹಿಂದೆ ಏನಿದೆ ಅಂತ ನೋಡೋ ಕೀಲಿ ಇಲ್ಲ. ದೊಡ್ಡ ಸೈಟ್‌ಗಳ ಕೋಡ್ ಕೂಡ ಈಗ ಓದೋಕೆ ಆಗದ ಹಾಗೆ ಹಿಂಡಿ ಒಟ್ಟಿರ್ತಾರೆ. ನನಗೆ ತೆರೆದಿದ್ದ ಬಾಗಿಲು ನಿಮಗೆ ಅರ್ಧ ಮುಚ್ಚಿದೆ. ನಾನು 'ತಾನೇ ಕಲಿತವನು' ಅಂತ ಹೇಳ್ಕೋತೀನಿ, ಆದರೆ ಅದು ಪೂರ್ತಿ ನಿಜ ಅಲ್ಲ. ಗುರುತಿಲ್ಲದ ನೂರಾರು ಜನ ತಮ್ಮ ಕೆಲಸ ತೆರೆದಿಟ್ಟಿದ್ರು, ಅದನ್ನ ನೋಡಿ ಕಲಿತೆ. ಅದಕ್ಕೇ ಈಗ ನಾನು ಬರೆಯೋ ಪಾಠದ ಕೋಡಲ್ಲಿ ವಿವರಣೆ ಕನ್ನಡದಲ್ಲೇ ಹಾಕಿ, ಎಲ್ಲರಿಗೂ ಸಿಗೋ ಹಾಗೆ ಇಡ್ತೀನಿ. ಕನ್ನಡ ಮೀಡಿಯಂನ ಇನ್ನೊಂದು ಹುಡುಗಿಗೋ ಹುಡುಗನಿಗೋ ಒಂದು ಪುಟಕ್ಕೆ ಒಂದು ಗಂಟೆ ಹಿಡೀಬಾರದು ಅಂತ.

ಇವತ್ತು ಕಾಲೇಜಿನ ಲ್ಯಾಬಲ್ಲೋ, ಗೆಳೆಯರ ಲ್ಯಾಪ್‌ಟಾಪಲ್ಲೋ ಯಾವುದಾದ್ರೂ ಒಂದು ಸರಳ ಪೇಜ್ ತೆಗೀರಿ. ಕಂಟ್ರೋಲ್ ಜೊತೆ ಯು ಒತ್ತಿ. ಏನೂ ಹಾಳಾಗಲ್ಲ.